ಫಾಸ್ಟರ್ ಮನೆಯಿಂದ ನಾಯಿ ತರುವುದು ಹೇಗೆ: ಬರಣಿ ನಮ್ಮ ಮನೆಗೆ ಬಂದದ್ದು ಹೀಗೆ

ನಮ್ಮ ನಾಯಿಯ ಹೆಸರು ಬರಣಿ. ಹೌದು, ಉಪ್ಪಿನಕಾಯಿ ಹಾಕಿಡುವ ಬರಣಿಯೇ. ಬೆಳಗಾವಿಯ ತಿಲಕವಾಡಿಯಲ್ಲಿ ಅವಳನ್ನು ಆರು ತಿಂಗಳು ಸಾಕಿದ ಫಾಸ್ಟರ್ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಇಟ್ಟ ಹೆಸರು ಬ್ರೌನಿ. ವಿಜಯಪುರಕ್ಕೆ ಬಂದ ಒಂದೇ ವಾರದಲ್ಲಿ ನಮ್ಮ ಅವ್ವನ ಬಾಯಲ್ಲಿ ಅದು ಬರಣಿ ಆಯಿತು. ನಾಯಿಯೂ ತಕರಾರು ಮಾಡಲಿಲ್ಲ. ಅವಳನ್ನು ನೋಡಿದವರು "ನಮಗೂ ಒಂದು ಬೇಕಿತ್ರಿ, ಹೆಂಗ ತರೋದು?" ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ತಾಸು ಹೇಳಿ ಹೇಳಿ ಸಾಕಾಗಿ, ಈಗ ಬರೆದೇ ಇಡೋಣ ಅಂತ ಕೂತಿದ್ದೇನೆ.

ಫಾಸ್ಟರ್ ಮನೆ ಅಂದರೆ ನಾಯಿ ಮಾರುವ ಜಾಗ ಅಲ್ಲ. ಗಾಡಿ ಬಡಿದು ಬಿದ್ದಿದ್ದನ್ನೋ, ಯಾರೋ ರಾತ್ರೋರಾತ್ರಿ ಬಿಟ್ಟು ಹೋದದ್ದನ್ನೋ, ತಾಯಿ ಸತ್ತ ಕುನ್ನಿಗಳನ್ನೋ ಎತ್ತಿ ತಂದು, ಕಾಯಂ ಮನೆ ಸಿಗುವ ತನಕ ತಮ್ಮ ಪಡಸಾಲೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ನಿಮ್ಮ ನಮ್ಮಂಥವರ ಮನೆ. ನಾಯಿ ರಾತ್ರಿ ಅಳುತ್ತದಾ, ಬೆಕ್ಕು ಕಂಡರೆ ಏನು ಮಾಡುತ್ತದೆ, ಯಾವುದಕ್ಕೆ ಹೆದರುತ್ತದೆ, ಎಲ್ಲ ಅವರಿಗೆ ಗೊತ್ತು, ಯಾಕೆಂದರೆ ಅದರ ಜೊತೆ ಸಂಸಾರ ಮಾಡಿದ್ದಾರೆ. ಅಲ್ಲಿಗೆ ಹೋದಾಗ ನಾಯಿ ನೋಡುವುದಕ್ಕೆ ಹತ್ತು ನಿಮಿಷ ಸಾಕು. ಅವರ ಮಾತು ಕೇಳುವುದಕ್ಕೆ ಒಂದು ತಾಸು ಇಟ್ಟುಕೊಳ್ಳಿ.

ಹುಡುಕುವುದು ಎಲ್ಲಿ? ಮೊದಲು ಪಶು ವೈದ್ಯರನ್ನು ಕೇಳಿ. ಗಾಯದ ನಾಯಿ ಎತ್ತಿಕೊಂಡು ಬರುವವರು ಯಾರು, ಸದ್ಯ ಯಾರ ಮನೆಯಲ್ಲಿ ಎಷ್ಟು ನಾಯಿ ಇವೆ, ಈ ಲೆಕ್ಕ ಅವರ ಹತ್ತಿರ ಇರುತ್ತದೆ. ಆಮೇಲೆ ಇನ್‌ಸ್ಟಾಗ್ರಾಂ, ವಾಟ್ಸಾಪ್ ಗ್ರೂಪು. ಅಲ್ಲಿ ಮಾತ್ರ ಸ್ವಲ್ಪ ಹುಷಾರು. "ಲ್ಯಾಬ್ರಡಾರ್ ಕುನ್ನಿ, ಫ್ರೀ ಅಡಾಪ್ಷನ್, ಗಾಡಿ ಖರ್ಚು ಮಾತ್ರ ಮೊದಲು ಹಾಕಿ" ಅಂತ ಬಂದರೆ ಅದು ಮೋಸ. ನಿಜವಾದ ಫಾಸ್ಟರ್ ಮನೆಯವರು ನಿಮ್ಮ ಮುಖ ನೋಡದೆ ನಾಯಿ ಕೊಡುವುದೇ ಇಲ್ಲ. ಲಸಿಕೆಗೆ, ಸಂತಾನಹರಣ ಆಪರೇಷನ್ನಿಗೆ ಆದ ಖರ್ಚಿನಲ್ಲಿ ಸ್ವಲ್ಪ ಪಾಲು ಕೇಳಬಹುದು, ಅದು ನ್ಯಾಯವೇ. ಆದರೆ ನಾಯಿ ನೋಡುವ ಮೊದಲು ಒಂದು ರೂಪಾಯಿಯೂ ಹಾಕಬೇಡಿ.

ಬಾಗಲಕೋಟೆ ಕಡೆಯವರಿಗೆ ಒಂದು ಮಾತು. ಮುಧೋಳ ನಾಯಿ ನಮ್ಮ ಭಾಗದ ಹೆಮ್ಮೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೇ ಅಂತ ಒಂದು ಸಂಶೋಧನಾ ಕೇಂದ್ರವೂ ಇದೆ. ಎಲ್ಲ ಖರೆ. ಆದರೆ ಫಾಸ್ಟರ್ ಮನೆಗೆ ಫೋನ್ ಹಚ್ಚಿ "ಮುಧೋಳ ಇದ್ರ ಹೇಳ್ರಿ" ಅಂತ ಶುರು ಮಾಡಿದರೆ ಅವರು ಅಲ್ಲೇ ಮಾತು ಮುಗಿಸುತ್ತಾರೆ. ಅಪರೂಪಕ್ಕೆ ಮುಧೋಳ, ಇಲ್ಲವೇ ಅದರ ಬೆರಕೆ ಬರುವುದುಂಟು. ಅದು ಬೇಟೆಯ ನಾಯಿ, ಓಡುವುದು ಏನೇ ಕಣ್ಣಿಗೆ ಬಿದ್ದರೂ ಬೆನ್ನು ಹತ್ತುತ್ತದೆ. ಓಣಿ ತುಂಬ ಆಡು, ಕೋಳಿ ಇರುವಲ್ಲಿ, ಎರಡು ಖೋಲಿಯ ಮನೆಯಲ್ಲಿ, ದಿನಾ ಓಡಿಸುವವರು ಯಾರೂ ಇಲ್ಲದಿದ್ದರೆ ಅದರ ಸಹವಾಸ ಬೇಡ. ಸಾದಾ ಬೀದಿನಾಯಿ ನಮ್ಮ ಬಿಸಿಲಿಗೂ ನಮ್ಮ ರೊಟ್ಟಿಗೂ ಹೊಂದಿಕೊಂಡ ಜೀವ. ಮತ್ತೆ ಎಲ್ಲರಿಗೂ ಎರಡು ತಿಂಗಳ ಗಂಡು ಕುನ್ನಿಯೇ ಬೇಕು. ನಾನು ಹೇಳುವುದು ಉಲ್ಟಾ. ಒಂದೂವರೆ ಎರಡು ವರ್ಷದ, ಆಪರೇಷನ್ ಆದ ಹೆಣ್ಣು ನಾಯಿ ತನ್ನಿ. ಅದರ ಸ್ವಭಾವ ಆಗಲೇ ಗೊತ್ತಾಗಿರುತ್ತದೆ, ಬೆದೆಗೆ ಬರುವುದಿಲ್ಲ, ಮರಿಗಳ ಚಿಂತೆ ಇಲ್ಲ, ಅಂಥದ್ದನ್ನು ಕೇಳುವವರೂ ಕಡಿಮೆ.

ಮನೆಯಲ್ಲಿ ಎಲ್ಲರನ್ನೂ ಒಪ್ಪಿಸಿದ ಮೇಲೆ ಮುಂದಿನ ಕೆಲಸ. ಒಬ್ಬರು ಬೇಡ ಅಂದರೂ ಕಡೆಗೆ ಕಷ್ಟ ಪಡುವುದು ನಾಯಿಯೇ. ನಮ್ಮ ಅವ್ವ ಮೊದಲು ಸುತಾರಾಂ ಒಪ್ಪಲಿಲ್ಲ, ಮಡಿ, ದೇವರ ಮನೆ ಅಂತ. ಆಮೇಲೆ ಅಜ್ಜಿ "ನಾವು ಮೈಲಾರಲಿಂಗನ ಒಕ್ಕಲದವರು, ಗೊರವಯ್ಯಗಳು ನಾಯಿ ಹಂಗ ಬೊಗಳೋದು ಯಾಕಂತ ತಿಳಿದೀ?" ಅಂತ ಒಂದು ಮಾತು ಹಾಕಿದಳು. ಗೊರವಯ್ಯಗಳು ಅಂದರೆ ಮೈಲಾರಲಿಂಗನ ನಾಯಿಗಳು ಅಂತಲೇ ನಂಬಿಕೆ, ಅಲ್ಲಿಗೆ ತಕರಾರು ಮುಗಿಯಿತು. ದೇವರ ಮನೆಗೆ ಮೊಣಕಾಲೆತ್ತರದ ಒಂದು ಗೇಟು ಮಾಡಿಸಿದೆ, ಅಷ್ಟೇ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಕನಿಷ್ಠ ಒಂದು ಮೆಸೇಜಾದರೂ ಹಾಕಿಸಿಕೊಳ್ಳಿ.

ಏನು ಕೇಳಬೇಕು

ಎಲ್ಲರೂ ಕೇಳುವ ಪ್ರಶ್ನೆ "ಕಚ್ಚುತ್ತದಾ?" ಅಂತ. ಇದರಿಂದ ಏನೂ ಉಪಯೋಗವಿಲ್ಲ, ಉತ್ತರ ಯಾವಾಗಲೂ "ಇಲ್ರೀ, ಭಾಳ ಛೊಲೋ ಐತಿ". ಅದರ ಬದಲು "ಯಾವಾಗ ಗುರ್ ಅನ್ನುತ್ತದೆ?" ಅಂತ ಕೇಳಿ. ಗುರ್ ಅನ್ನದ ನಾಯಿ ಇಲ್ಲ. ಹಾಗೆ ಕೇಳಿದಾಗ ಕಾಕು ಹೇಳಿದ್ದು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಊಟದ ತಟ್ಟೆಗೆ ಕೈ ಹಾಕಿದರೆ ಗುರ್ ಅನ್ನುತ್ತಾಳೆ, ನಿದ್ದೆಯಲ್ಲಿದ್ದಾಗ ಮುಟ್ಟಿದರೆ ಬೆಚ್ಚಿ ಹಲ್ಲು ತೋರಿಸುತ್ತಾಳೆ, ಯಾರಾದರೂ ಛತ್ರಿ ಬಿಚ್ಚಿದರೆ ಮಂಚದ ಕೆಳಗೆ ಹೋಗಿ ಅರ್ಧ ದಿನ ಬರುವುದಿಲ್ಲ. ಬೆಳಗಾವಿಯ ಮಳೆಯಲ್ಲಿ ಇದು ದೊಡ್ಡ ಫಜೀತಿ, ನಮ್ಮ ವಿಜಯಪುರದಲ್ಲಿ ಛತ್ರಿ ಬಿಚ್ಚುವುದೇ ವರ್ಷಕ್ಕೆ ನಾಲ್ಕು ಸಲ. ನೋಡಿ, ಒಂದು ಊರಿನ ಸಮಸ್ಯೆ ಇನ್ನೊಂದು ಊರಿನಲ್ಲಿ ಸಮಸ್ಯೆಯೇ ಅಲ್ಲ. ಕೇಳದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಒಂಟಿಯಾಗಿ ಎಷ್ಟು ತಾಸು ಇರುತ್ತದೆ ಅಂತ ಕೇಳಿ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಯಾದರೆ ಇದೇ ಮೊದಲ ಪ್ರಶ್ನೆ ಆಗಬೇಕು. ಅವರ ಮನೆಯಲ್ಲಿ ಸಣ್ಣ ಮಕ್ಕಳು ಇದ್ದಾರಾ? ಇಲ್ಲದಿದ್ದರೆ "ಮಕ್ಕಳ ಜೊತೆ ಛೊಲೋ ಇರತೈತಿ" ಅನ್ನುವುದು ಅಂದಾಜಿನ ಮಾತು ಅಂತ ತಿಳಿದುಕೊಳ್ಳಿ. ಬೇರೆ ನಾಯಿ, ಬೆಕ್ಕು, ದನ ಕಂಡಾಗ ಏನು ಮಾಡುತ್ತದೆ? ಒಳಗೆ ಹೇಲು ಉಚ್ಚೆ ಮಾಡುತ್ತದಾ, ಹೊರಗೆ ಹೋಗಬೇಕಾದಾಗ ಹೇಗೆ ತಿಳಿಸುತ್ತದೆ? ಯಾವ ರೋಗ ಬಂದಿತ್ತು, ಯಾವ ಡಾಕ್ಟರು ನೋಡಿದರು? ಕೊನೆಗೆ ಒಂದು ಪ್ರಶ್ನೆ ತಪ್ಪದೇ ಕೇಳಿ: "ಇದರ ಯಾವ ಗುಣ ನಿಮಗೆ ಸಾಕಾಗಿದೆ?" ಕಾಕು ಜೋರಾಗಿ ನಕ್ಕು "ಚಪ್ಪಲಿ ಕದೀತಾಳ, ಅದೂ ಎಡಗಾಲಿಂದ ಅಷ್ಟ" ಅಂದರು. ಏನೂ ಇಲ್ಲ, ಬಂಗಾರದಂಥ ನಾಯಿ ಅಂತ ಹೇಳುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಸಾಧ್ಯವಾದರೆ ಎರಡು ಸಲ ಹೋಗಿ ಬನ್ನಿ. ಒಂದು ಸಲ ಊಟದ ಹೊತ್ತಿಗೆ, ಇನ್ನೊಂದು ಸಲ ಹೊರಗೆ ಅಡ್ಡಾಡಿಸುವ ಹೊತ್ತಿಗೆ. ಹೋದ ಕೂಡಲೇ ತಲೆ ಸವರಲು ಬಗ್ಗಬೇಡಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ಚಹಾ ಕುಡಿಯಿರಿ, ಅದೇ ಬಂದು ಮೂಸುತ್ತದೆ. ಬರದಿದ್ದರೂ ಬೇಜಾರಾಗಬೇಡಿ, ಬರಣಿ ಮೊದಲ ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವರೂ ನಿಮ್ಮನ್ನು ಕೇಳುತ್ತಾರೆ. ಎಲ್ಲಿ ಮಲಗಿಸುತ್ತೀರಿ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ದಿನವಿಡೀ ಸರಪಳಿಯಲ್ಲಿ ಕಟ್ಟುತ್ತೀರಾ, ಮೊದಲು ಇದ್ದ ನಾಯಿ ಹೇಗೆ ಸತ್ತಿತು. ಮನೆ ನೋಡಬೇಕು ಅನ್ನುತ್ತಾರೆ, ಆಧಾರ್ ಝೆರಾಕ್ಸ್ ಕೇಳುತ್ತಾರೆ, ಒಂದು ಫಾರ್ಮಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಮಾಮಾ "ಇವರೇನು ಕನ್ಯಾ ಕೊಡಾಕತ್ತಾರೇನು?" ಅಂತ ಸಿಟ್ಟಾದ. ಸಿಟ್ಟಾಗಬೇಡಿ. ಇಷ್ಟೂ ಕೇಳುವ ಮನೆ ಸಿಕ್ಕರೆ ಒಳ್ಳೆಯ ಮನೆ ಸಿಕ್ಕಿದೆ ಅಂತ ಅರ್ಥ.

ಲಸಿಕೆಯ ವಿಷಯದಲ್ಲಿ ಬಾಯಿಮಾತು ನಡೆಯುವುದಿಲ್ಲ, ಪುಸ್ತಕ ಕೇಳಿ. ಅದರಲ್ಲಿ ಲಸಿಕೆ ಬಾಟಲಿಯ ಸ್ಟಿಕ್ಕರ್, ತಾರೀಖು, ಡಾಕ್ಟರ ಸಹಿ ಮೂರೂ ಇರಬೇಕು. ಕುನ್ನಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಅಲ್ಲಿಂದ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ಆಗುವ ತನಕ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಾ ವರ್ಷಾ. ಜಂತುಹುಳದ ಔಷಧ ಯಾವಾಗ ಕೊಟ್ಟಿದ್ದು ಅಂತಲೂ ಬರೆಸಿಕೊಳ್ಳಿ. ಕಿವಿಯ ತುದಿಯಲ್ಲಿ ವಿ ಆಕಾರದ ಕಚ್ಚು ಇದ್ದರೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಗುರುತು, ಗಾಯ ಅಂತ ಹೆದರಬೇಡಿ. ನಿಮ್ಮ ಮನೆಯಲ್ಲಿ ಈ ವರ್ಷ ಯಾವುದಾದರೂ ಕುನ್ನಿ ರಕ್ತಭೇದಿ ಆಗಿ ಸತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಅದು ಪಾರ್ವೊ ಅನ್ನುವ ಅಂಟುರೋಗ ಇರಬಹುದು, ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ಬ್ಲೀಚಿಂಗ್ ಹಾಕಿ ತೊಳೆಯಬೇಕು, ಮತ್ತೆ ಪೂರ್ತಿ ಲಸಿಕೆ ಆದ ದೊಡ್ಡ ನಾಯಿಯನ್ನೇ ತರಬೇಕು.

ಕರೆದುಕೊಂಡು ಬರುವ ದಿನ

ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಇದೇ ದಿನ, ಇಲ್ಲವೇ ಮುಂದಿನ ಎರಡು ಮೂರು ದಿನದಲ್ಲಿ. ಕುತ್ತಿಗೆಗೆ ಬೆಲ್ಟು, ಎದೆಗೆ ಹಾಕುವ ಹಾರ್ನೆಸ್, ಎರಡೂ ಇರಲಿ, ಎರಡಕ್ಕೂ ಬೇರೆ ಬೇರೆ ಹಗ್ಗ ಇರಲಿ. ಬೆಲ್ಟಿನಲ್ಲಿ ನಿಮ್ಮ ಎರಡು ಬೆರಳು ಮಾತ್ರ ಹೋಗಬೇಕು, ಜಾಸ್ತಿ ಸಡಿಲ ಇದ್ದರೆ ನಾಯಿ ಹಿಂದಕ್ಕೆ ಜಗ್ಗಿ ತಲೆ ಎಳೆದುಕೊಂಡುಬಿಡುತ್ತದೆ. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಬರೆದಿರಲಿ. ಹೊರಡುವ ಮೂರು ನಾಲ್ಕು ತಾಸು ಮೊದಲೇ ಊಟ ನಿಲ್ಲಿಸಿ, ಇಲ್ಲದಿದ್ದರೆ ದಾರಿ ತುಂಬ ವಾಂತಿ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ದಾರಿ ಹಿಡಿದು ಬಂದೆವು. ಎಲ್ಲ ಸುಸೂತ್ರ. ಕೃಷ್ಣಾ ಸೇತುವೆ ದಾಟಿ ಕೊಲ್ಹಾರಕ್ಕೆ ಬಂದಾಗ, ಕೊಲ್ಹಾರದ ಮೊಸರು ಬಿಟ್ಟು ಹೇಗೆ ಬರುವುದು ಅಂತ ಗಾಡಿ ನಿಲ್ಲಿಸಿ ಬಾಗಿಲು ತೆಗೆದೆ. ಹಗ್ಗ ಸೀಟಿನ ಮೇಲೆ ಬಿದ್ದಿತ್ತು. ಬರಣಿ ನನ್ನ ಕಾಲ ಸಂದಿಯಲ್ಲಿ ನುಸುಳಿ ರಸ್ತೆಗೆ ಹಾರಿದಳು, ಆ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ನನ್ನ ತಮ್ಮ ಹಗ್ಗದ ಮೇಲೆ ಕಾಲಿಟ್ಟ, ಅದಕ್ಕೇ ಉಳಿದಳು. ಮೊಸರು ತರಲೇ ಇಲ್ಲ. ಹಗ್ಗ ಕೈಗೆ ಸುತ್ತಿಕೊಳ್ಳದೆ ಗಾಡಿಯ ಬಾಗಿಲು ತೆಗೆಯಬಾರದು, ಇಷ್ಟೇ ನಿಯಮ. ಊರೊಳಗೇ ತರುವುದಾದರೂ ಟಂಟಂ ಆಟೋದಲ್ಲಿ ಬೇಡ, ಎರಡೂ ಕಡೆ ಬಯಲು.

ಬರುವಾಗ ಫಾಸ್ಟರ್ ಮನೆಯಿಂದ ಎರಡು ಸಾಮಾನು ಕೇಳಿ ತನ್ನಿ. ನಾಯಿ ಮಲಗುತ್ತಿದ್ದ ಹಳೆಯ ಕೌದಿಯ ತುಂಡು, ಅದನ್ನು ತೊಳೆಯಬೇಡಿ, ಆ ವಾಸನೆಯೇ ಅದಕ್ಕೆ ಧೈರ್ಯ. ಇನ್ನೊಂದು, ಒಂದು ವಾರಕ್ಕಾಗುವಷ್ಟು ಅವರು ಹಾಕುತ್ತಿದ್ದ ಆಹಾರ, ಇಲ್ಲವೇ ಅದೇನು ಅಂತ ಸರಿಯಾಗಿ ತಿಳಿದುಕೊಳ್ಳಿ. ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ.

ಬೆಳಗಾವಿಯಿಂದ ತರುವವರಿಗೆ ಇನ್ನೊಂದು ತಮಾಷೆ ಕಾದಿರುತ್ತದೆ. ನಾನು ಎರಡು ದಿನ "ಬಾ, ಕೂಡು, ಬಾ ಇಲ್ಲಿ" ಅಂತ ಬಡಕೊಂಡರೂ ಬರಣಿ ಗೋಡೆ ನೋಡುತ್ತಿದ್ದಳು. ಕಿವಿ ಕೇಳಿಸುವುದಿಲ್ಲವೋ ಏನೋ ಅಂತ ಕಾಕುಗೆ ಫೋನ್ ಮಾಡಿದರೆ, "ಅಯ್ಯ, ಅಕೀಗೆ ಮರಾಠಿ ಅಷ್ಟ ತಿಳೀತದ!" ಅಂದರು. "ಇಕಡೆ ಯೇ" ಅಂದ ಕೂಡಲೇ ಬಾಲ ಅಲ್ಲಾಡಿಸುತ್ತ ಬಂದಳು. ಯಾವ ಮಾತಿಗೆ ಏನು ಮಾಡುತ್ತದೆ ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಮೊದಲು ಹಳೆಯ ಮಾತು, ಅದರ ಬೆನ್ನಿಗೇ ಹೊಸ ಮಾತು, ಹದಿನೈದು ದಿನದಲ್ಲಿ ಕನ್ನಡ ಬರುತ್ತದೆ.

ಮೊದಲ ದಿನಗಳು

ಜಗತ್ತಿನಾದ್ಯಂತ ನಾಯಿ ದತ್ತು ಕೊಡುವವರು ಹೇಳುವ ಒಂದು ಅಂದಾಜಿದೆ: ಮೂರು ದಿನ ಗಾಬರಿ, ಮೂರು ವಾರ ಮನೆಯ ರೂಢಿ, ಮೂರು ತಿಂಗಳಿಗೆ ನಮ್ಮದು ಅನ್ನುವ ಭಾವ. ಲೆಕ್ಕ ಹೆಚ್ಚು ಕಡಿಮೆ ಆಗಬಹುದು, ಆದರೆ ಮೊದಲ ಮೂರು ದಿನ ಮಾತ್ರ ಖರೆ. ಒಂದು ಖೋಲಿ ಕೊಡಿ, ನೀರು ಇಡಿ, ಸುಮ್ನೆ ಬಿಡಿ. ಸ್ನಾನ ಬೇಡ. ಬೀಗರು, ಓಣಿಯ ಹುಡುಗರು, ಯಾರೂ ನೋಡಲು ಬರುವುದು ಬೇಡ. ಒಂದು ದಿನ ಊಟ ಬಿಟ್ಟರೆ ಗಾಬರಿ ಬೇಡ, ನೀರೂ ಕುಡಿಯದಿದ್ದರೆ, ವಾಂತಿ ಭೇದಿ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಮಕ್ಕಳಿಗೆ ಮೂರು ಮಾತು ಹೇಳಿ: ಉಣ್ಣುವಾಗ, ಮಲಗಿದಾಗ ಮುಟ್ಟಬಾರದು, ಅಪ್ಪಿಕೊಳ್ಳಬಾರದು. ನಾಯಿ ಗುರ್ ಅಂದರೆ ಹೊಡೆಯಬೇಡಿ. ಹೊಡೆದರೆ ಅದು ಗುರ್ ಅನ್ನುವುದನ್ನು ಬಿಡುತ್ತದೆ, ಮುಂದಿನ ಸಲ ಎಚ್ಚರಿಕೆ ಕೊಡದೇ ಕಚ್ಚುತ್ತದೆ.

ಒಳಗೆ ಉಚ್ಚೆ ಮಾಡಿದರೆ ಮೂಗು ತಿಕ್ಕುವುದು ಹಳೆಯ ಪದ್ಧತಿ, ಅದರಿಂದ ನಾಯಿ ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಮಾಡುವುದನ್ನಷ್ಟೇ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ, ಅಲ್ಲಿ ಮಾಡಿದರೆ ಒಂದು ಚೂರು ತಿನ್ನಲು ಕೊಡಿ.

ತಿನ್ನುವ ವಿಷಯ ಬಂತು. ಜೋಳದ ರೊಟ್ಟಿ ಮಜ್ಜಿಗೆಯಲ್ಲಿ ಮೆತ್ತಗೆ ಮಾಡಿ ಹಾಕಬಹುದು, ಆದರೆ ಬರೀ ರೊಟ್ಟಿಯ ಮೇಲೆ ನಾಯಿ ಬದುಕುವುದಿಲ್ಲ, ಮೊಟ್ಟೆ ಇಲ್ಲವೇ ಕುದಿಸಿದ ಕೋಳಿ ಬೇಕು, ಬೇಯಿಸಿದ ಎಲುಬು ಮಾತ್ರ ಬೇಡ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ನಮ್ಮ ಉಳಿದ ಪಲ್ಯ ಸಾರು ಹಾಕುವ ರೂಢಿಯನ್ನು ಬಿಡಬೇಕು, ಉಳ್ಳಾಗಡ್ಡಿ ಬಳ್ಳೊಳ್ಳಿ ಎರಡೂ ನಾಯಿಯ ರಕ್ತ ಕೆಡಿಸುತ್ತವೆ, ಅವಿಲ್ಲದ ಸಾರು ನಮ್ಮ ಕಡೆ ಎಲ್ಲಿದೆ ಹೇಳಿ. ವಿಜಯಪುರದವರು ಮುಖ್ಯವಾಗಿ ನೆನಪಿಡಬೇಕಾದದ್ದು ದ್ರಾಕ್ಷಿ. ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಹಾಳು ಮಾಡಬಲ್ಲವು, ಕೆಲವು ನಾಯಿಗಳಿಗೆ ಸ್ವಲ್ಪವೇ ಸಾಕು. ಮನೆ ತುಂಬ ಒಣದ್ರಾಕ್ಷಿ ಹರವಿಕೊಂಡು ಕೂಡುವ ಊರು ನಮ್ಮದು. ಡಬ್ಬಿ ಮೇಲಿಡಿ, ಕರದಂಟಿನ ಚೂರನ್ನೂ ಪ್ರೀತಿಗೆ ಅಂತ ಹಾಕಬೇಡಿ. ಚಾಕಲೇಟ್ ವಿಷ ಅಂತ ಈಗ ಎಲ್ಲರಿಗೂ ಗೊತ್ತು.

ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಮಾತ್ರ ಅಡ್ಡಾಡಿಸಿ. ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಐದು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಕಾಲೂ ಸುಡುತ್ತದೆ. ಮಾಳಿಗೆಯ ಮೇಲೆ, ತಗಡಿನ ಕೆಳಗೆ ಕಟ್ಟಬೇಡಿ. ವಿಪರೀತ ತೇಕುತ್ತ, ಜೊಲ್ಲು ಸುರಿಸುತ್ತ, ತೂರಾಡಿದರೆ ನೆರಳಿಗೆ ತಂದು, ಮೈಮೇಲೆ ಸಾದಾ ನೀರು ಸುರಿದು, ಫ್ಯಾನ್ ಹಚ್ಚಿ, ಹಾಗೇ ಡಾಕ್ಟರ ಹತ್ತಿರ ಓಡಿ.

ರಕ್ತ ಹೀರುವ ಉಣ್ಣೆಗಳು ಇದೇ ಬೇಸಿಗೆಯಲ್ಲಿ ಜಾಸ್ತಿ. ಅವು ನಾಯಿಯ ಮೈಮೇಲೆ ಅಷ್ಟೇ ಇರುವುದಿಲ್ಲ, ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತವೆ. ಬಾಗಲಕೋಟೆ ಕಡೆಯ ಕಲ್ಲಿನ ಹಳೆ ಮನೆಗಳಲ್ಲಿ ಸಂದಿಗೇನು ಬರವೇ, ಆ ಸಂದಿಗಳನ್ನು ಮುಚ್ಚದಿದ್ದರೆ ನಾಯಿಗೆ ಎಷ್ಟು ಔಷಧ ಹಚ್ಚಿದರೂ ಅಷ್ಟೇ. ದನಕ್ಕೆ ಹೊಡೆಯುವ ಉಣ್ಣೆ ಔಷಧವನ್ನು ನಾಯಿಗೆ ಹೊಡೆಯಬೇಡಿ, ಅಳತೆ ತಪ್ಪಿದರೆ ಜೀವ ಹೋಗುತ್ತದೆ. ಜ್ವರ, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ಅದು ಉಣ್ಣೆ ಜ್ವರ ಇರಬಹುದು, ಅವತ್ತೇ ರಕ್ತ ತಪಾಸಣೆ ಮಾಡಿಸಿ. ಮನುಷ್ಯರ ಜ್ವರದ ಗುಳಿಗೆ ಕೊಡಬೇಡಿ.

ತರುವ ದಿನ ಗೊತ್ತು ಮಾಡುವಾಗ ಪಂಚಾಂಗಕ್ಕಿಂತ ಮೊದಲು ಹಬ್ಬದ ಪಟ್ಟಿ ನೋಡಿ. ಬೆಳಗಾವಿಯಲ್ಲಿ ಗಣಪತಿ ಕಳಿಸುವ ದಿನದ ಡಾಲ್ಬಿ ಸ್ಪೀಕರುಗಳ ಅಬ್ಬರ, ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವುದು, ಎಲ್ಲ ಕಡೆ ದೀಪಾವಳಿ. ಇವುಗಳ ಹಿಂದೆ ಮುಂದೆ ಹದಿನೈದು ದಿನ ಹೊಸ ನಾಯಿ ತರಬೇಡಿ.

ಅಕಸ್ಮಾತ್ ಹಲ್ಲು ತಾಗಿದರೆ, ಲಸಿಕೆ ಆದ ನಾಯಿ ಅಂತ ಸುಮ್ಮನಿರಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರಪುಡಿ, ಅರಿಶಿಣ ಏನನ್ನೂ ಮೆತ್ತಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅವರು ಹೇಳಿದ ಅಷ್ಟೂ ದಿನ ಇಂಜೆಕ್ಷನ್ ತೆಗೆದುಕೊಳ್ಳಿ. ರೇಬಿಸ್‌ನ ಲಕ್ಷಣ ಕಂಡ ಮೇಲೆ ಉಳಿಸುವ ಔಷಧ ಇಲ್ಲ.

ಇಷ್ಟೆಲ್ಲ ಮಾಡಿಯೂ ಹೊಂದಿಕೆ ಆಗದೇ ಹೋಗಬಹುದು. ಅದಕ್ಕೇ ಮೊದಲೇ "ಹದಿನೈದು ದಿನ ಇಟ್ಟುಕೊಂಡು ನೋಡುತ್ತೇವೆ" ಅಂತ ಮಾತಾಡಿಕೊಳ್ಳಿ, ಸುಮಾರು ಜನ ಒಪ್ಪುತ್ತಾರೆ. ಆಗದಿದ್ದರೆ ಅದೇ ಮನೆಗೆ ವಾಪಸ್ ಕೊಡಿ, ನಾಚಿಕೆ ಏನಿಲ್ಲ. ಬೈಪಾಸಿನಲ್ಲಿ ಬಿಟ್ಟು ಬರುವುದು ಮಾತ್ರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬೀದಿನಾಯಿ ದತ್ತು ತೆಗೆದುಕೊಂಡವರು ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ಮತ್ತೆ, ಫಾಸ್ಟರ್ ಮನೆಯವರಿಗೆ ಆಗಾಗ ಫೋಟೋ ಕಳಿಸುತ್ತಿರಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ನೆನಪಾದಾಗ. ಏನಾದರೂ ಹೊಸ ತೊಂದರೆ ಕಂಡರೆ ಮೊದಲು ಅವರನ್ನೇ ಕೇಳಿ, ಹತ್ತರಲ್ಲಿ ಎಂಟು ಸಲ ಅವರಿಗೆ ಅದು ಮೊದಲೇ ಗೊತ್ತಿರುತ್ತದೆ. ಹೋದ ವಾರ ಬರಣಿ ಬಾಗಿಲ ಹತ್ತಿರ ಮಲಗಿದ ಫೋಟೋ ಕಳಿಸಿದ್ದೆ. ಕಾಕು ವಾಪಸ್ ಕೇಳಿದ್ದು ಒಂದೇ, "ಬಾಯಾಗಿರೋ ಚಪ್ಪಲಿ ಯಾರದು?"